ಚಂಪಾಕುಂಡಕ್ಕೆ ಕೊಟ್ಟ ಬಾಗಿನ

ಕಾಶಿಯಲ್ಲಿ ಹರಿಯುವ ನೀರಿಗೆ ಭಕ್ತರಿದ್ದಾರೆ, ಯೋಜನೆಗಳಿವೆ, ದೆಹಲಿಯಿಂದ ಬಂದು ದೋಣಿಯಲ್ಲಿ ಕೂತು ಕಣ್ಣೀರು ಹಾಕಿ ಹೋಗುವ ಗಣ್ಯರಿದ್ದಾರೆ. ನಿಂತ ನೀರಿಗೆ ಮಾತ್ರ ಬಹಳ ಕಾಲ ಯಾರೂ ದಿಕ್ಕಿರಲಿಲ್ಲ. ಗಲ್ಲಿಗಳ ಹಿಂದೆ, ಮನೆಗಳ ಬೆನ್ನಿಗೆ ಅಂಟಿಕೊಂಡು, ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಕುಗ್ಗುವ ಈ ಊರಿನ ಕುಂಡಗಳು ಮತ್ತು ತಾಲಾಬುಗಳು ಪುರಾಣದಲ್ಲಿ ತೀರ್ಥಗಳಾಗಿ, ಸರ್ಕಾರಿ ಕಡತದಲ್ಲಿ ಖಾಲಿ ನಿವೇಶನಗಳಾಗಿ ಉಳಿದಿದ್ದವು. ಅಂಥ ನೀರಿನ ಪಾಚಿಯನ್ನೂ ಕಳೆಯನ್ನೂ ಮೂರು ದಶಕಗಳಿಂದ ಅಧ್ಯಯನ ಮಾಡಿ, ಅವುಗಳ ಹತೋಟಿಗೆ ವಿಷ ಸುರಿಯದ ದಾರಿಗಳನ್ನು ಹುಡುಕಿ, ಆ ದಾರಿಗಳನ್ನು ಪ್ರಯೋಗಶಾಲೆಯ ಗಾಜಿನ ತೊಟ್ಟಿಯಿಂದ ಕುಂಡದ ಮೆಟ್ಟಿಲಿಗೆ ತಂದು ನಿಲ್ಲಿಸಿದವರು ಡಾ. ಹರಿಪ್ರಿಯಾ ಆಚಾರ್ಯ. ಇಲ್ಲಿನ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಿಂದ ಅವರು ಈ ವರ್ಷ ನಿವೃತ್ತರಾಗುತ್ತಿದ್ದಾರೆ. ಅವರ ಪಾಂಡಿತ್ಯದ ಬಗ್ಗೆ ಬರೆಯಲು ಅವರ ಶಿಷ್ಯರು ಈ ಸಂಪುಟದಲ್ಲಿ ಸಾಲುಗಟ್ಟಿ ನಿಂತಿದ್ದಾರೆ. ಚಂಪಾಕುಂಡದ ಹೋರಾಟದಲ್ಲಿ ಅವರ ಜೊತೆ ಕೆಸರು ತುಳಿದವನಾಗಿ, ಕಣ್ಣಾರೆ ಕಂಡದ್ದನ್ನು ಬರೆಯುವುದಷ್ಟೇ ನನ್ನ ಪಾಲಿನ ಕೆಲಸ.

ಹರಿಪ್ರಿಯಾ ಅವರು ಹುಟ್ಟಿದ್ದು ಕಾಶಿಯ ಶಿವಾಲ ಬಡಾವಣೆಯಲ್ಲಿ, ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಸಂಕಲ್ಪ ಮಾಡಿಸುತ್ತಿದ್ದ ವಿದ್ಯಾಧೀಶಾಚಾರ್ಯರ ಹಿರಿಯ ಮಗಳಾಗಿ. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಹಿಂದಿ, ತಂದೆಯ ಬಾಯಲ್ಲಿ ಸಂಸ್ಕೃತ. ಈ ಮೂರರ ನಡುವೆ ಬೆಳೆದ ಹುಡುಗಿ ನಾಲ್ಕನೆಯದಾಗಿ ಸೂಕ್ಷ್ಮದರ್ಶಕದ ಭಾಷೆಯನ್ನು ಕಲಿಯುತ್ತೇನೆಂದಾಗ, ಆ ಕಾಲದ ಶಿವಾಲ ಅದನ್ನು ಹುಚ್ಚು ಎಂದೇ ತಿಳಿಯಿತು. ಮದುವೆಯ ವಯಸ್ಸು ಮೀರುತ್ತಿದೆ ಎಂದು ನೆಂಟರು ಗುಣುಗುತ್ತಿದ್ದಾಗ ಅವರು ಪಾಚಿಗಳ ಮೇಲೆ ಪ್ರಬಂಧ ಬರೆದು ಮುಗಿಸಿದ್ದರು. ಪುರೋಹಿತರ ಮನೆಯ ಹೆಣ್ಣುಮಗಳು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಊರ ಗಟಾರ ಸೇರುವ ಹೊಂಡಕ್ಕೆ ಇಳಿದದ್ದನ್ನು ಕಂಡು ಮಡಿಯ ಜನ ಮುಖ ತಿರುಗಿಸಿದರು. ವಿಭಾಗದ ಗಂಡಸರೇನೂ ಕಡಿಮೆಯಿರಲಿಲ್ಲ. ವಿದೇಶ ಪ್ರವಾಸ ಗಿಟ್ಟಿಸಿಕೊಡುವ ಸಮುದ್ರದ ಪಾಚಿಯನ್ನು ತಮಗಿಟ್ಟುಕೊಂಡು, ಕೊಳಕು ನೀರಿನದನ್ನು ಈ ಹೆಂಗಸಿಗೆ ಬಿಟ್ಟುಕೊಟ್ಟರು. ಹಾಗೆ ಬಿಟ್ಟುಕೊಟ್ಟದ್ದನ್ನೇ ಅವರು ಒಂದು ಶಾಸ್ತ್ರವಾಗಿ ಕಟ್ಟಿದರು.

ಅವರ ಉಪಕಾರಗಳನ್ನು ನೆನೆಯುವವರು ಬಹಳ ಮಂದಿ. ಆಜಮ್‌ಗಢ, ಬಲಿಯಾದ ಹಳ್ಳಿಗಳಿಂದ ಬಂದು ಹಾಸ್ಟೆಲ್ ಸಿಗದ ವಿದ್ಯಾರ್ಥಿನಿಯರು ಅವರ ಮನೆಯ ಮೇಲಂತಸ್ತಿನಲ್ಲಿ ವರ್ಷಗಟ್ಟಲೆ ಉಳಿದು ಓದಿದರು. ಜಾತಿ ಕೇಳದೆ ಒಳಗೆ ಬಿಟ್ಟುಕೊಂಡದ್ದು ಸೋದರತ್ತೆ ಗೋದಾಬಾಯಿಯವರಿಗೆ ಹಿಡಿಸಿರಲಿಲ್ಲ. “ಹರೀ, ಇದು ಮನಿಯೋ ಧರ್ಮಶಾಲಾನೋ? ಯಾರ ಮನಿ ಹುಡುಗಿ, ಏನು ಕುಲಾ, ಒಂದು ಮಾತರ ಕೇಳಬ್ಯಾಡೇನು?” ಎಂದು ಅವರು ಅಡುಗೆಮನೆಯಿಂದ ಕೂಗುತ್ತಿದ್ದರು. “ಕೇಳೀನಿ ಅತ್ಯಾ. ಸ್ಪೈರೋಗೈರಾ ಅಂತ” ಎಂದು ಹರಿಪ್ರಿಯಾ ಅವರು ಮೇಲಿನಿಂದ ಉತ್ತರಿಸುತ್ತಿದ್ದರು. ಅದು ಪಾಚಿಯ ಹೆಸರೆಂದು ತಿಳಿಯದ ಗೋದಾಬಾಯಿ, ಅದೂ ಒಂದು ಮನೆತನವಿರಬೇಕೆಂದು ಕೆಲವು ಕಾಲ ಸುಮ್ಮನಿದ್ದರಂತೆ. ಆಮೇಲೆ ಆ ಹುಡುಗಿಯರಲ್ಲೊಬ್ಬಳಿಗೆ ಜ್ವರ ಬಂದಾಗ ರಾಗಿ ಗಂಜಿ ಹೊತ್ತು ಮೆಟ್ಟಿಲು ಹತ್ತಿದವರೂ ಅವರೇ.

ಚಂಪಾಕುಂಡ ಶಿವಾಲಕ್ಕೂ ಅಸ್ಸಿ ಘಾಟಿಗೂ ನಡುವೆ, ಮುಖ್ಯ ರಸ್ತೆಯಿಂದ ಕಾಣದಂತೆ ಇದೆ. ಒಂದು ದಂಡೆಗೆ ಕನ್ನಡದವರ ಮನೆಗಳು ಮತ್ತು ನಮ್ಮ ಯಾತ್ರಿಕರು ಇಳಿದುಕೊಳ್ಳುವ ಮಠದ ಹಿತ್ತಲು. ಎದುರಿನ ದಂಡೆಗೆ ಮಲ್ಲಾಹರ, ಅಂದರೆ ದೋಣಿ ನಡೆಸುವ ಜನರ, ಗುಡಿಸಲುಗಳು. ಆ ಗುಡಿಸಲುಗಳಲ್ಲೊಂದರ ದುಲಾರಿ ಸಾಹನಿ ಎಂಬಾಕೆ ಅತ್ತೆಯ ಕಾಲದಿಂದ ಈ ನೀರಿನಲ್ಲಿ ಸಿಂಘಾಡಾ ಬೆಳೆಯುತ್ತಾಳೆ. ಕೊಂಬಿನಂಥ ಮುಳ್ಳಿರುವ ಆ ಕಾಯಿಯನ್ನು ಚಳಿಗಾಲದಲ್ಲಿ ಬೇಯಿಸಿ ತಳ್ಳುಗಾಡಿಯಲ್ಲಿ ಮಾರುವುದನ್ನು ಕಾಶಿಗೆ ಬಂದವರೆಲ್ಲ ಕಂಡಿರುತ್ತಾರೆ. ಬೇರೆಯವರಿಗೆ ಹೊಲವಿದ್ದಂತೆ ದುಲಾರಿಯ ಮನೆಗೆ ಈ ನೀರು. ಎಂಬತ್ತರ ದಶಕದಲ್ಲಿ ಕುಂಡಕ್ಕೆ ಜಲಕುಂಭಿ ಹೊಕ್ಕಿತು. ನಮ್ಮ ಕಡೆ ಅಂತರಗಂಗೆ ಎಂದು ಕರೆಯುವ ಈ ನೇರಳೆ ಹೂವಿನ ಕಳೆ ನೋಡಲು ಸುಂದರ, ಬೆಳೆಯುವುದರಲ್ಲಿ ರಾಕ್ಷಸ. ಒಂದು ಗಿಡ ತೇಲಿಬಂದರೆ ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಬಳ್ಳಿ, ಮರಿಬಳ್ಳಿಗಳು ನೀರನ್ನೇ ಕಾಣದಂತೆ ಮಾಡುತ್ತವೆ. ಸಿಂಘಾಡಾ ಉಸಿರುಗಟ್ಟಿತು. ಮೀನು ಕಡಿಮೆಯಾಯಿತು. ಕುಂಡದ ಒಂದು ಮೂಲೆಗೆ ಊರಿನ ಕಸ ಬೀಳತೊಡಗಿತು. ಆ ಹೊತ್ತಿಗೆ ಸರಿಯಾಗಿ ಒಂದು ಗೃಹನಿರ್ಮಾಣ ಸಂಘವೂ ಹುಟ್ಟಿಕೊಂಡು, ಕುಂಡ ಸತ್ತಿದೆ, ಅದನ್ನು ಮುಚ್ಚಿ ನಿವೇಶನ ಮಾಡಿಕೊಡಿ ಎಂದು ಅರ್ಜಿ ಹಾಕಿತು. ನೀರು ಎಲ್ಲಿ ಸಾಯುತ್ತದೋ ಅಲ್ಲಿ ಇಂಥ ಸಂಘಗಳು ಹುಟ್ಟುವುದು ಆಕಸ್ಮಿಕವೆಂದು ನಂಬುವಷ್ಟು ಮುಗ್ಧನಲ್ಲ ನಾನು.

ಅಸ್ಸಿಯ ಚಹಾದಂಗಡಿಯ ಮಾಳಿಗೆಯಲ್ಲಿ ಕೂಡುತ್ತಿದ್ದ ನಮ್ಮ ಓದುಬಳಗ ‘ಚಂಪಾಕುಂಡವನ್ನು ಕೊಂದವರು ಯಾರು?’ ಎಂಬ ಕರಪತ್ರ ಬರೆದಿತ್ತು. ಅಚ್ಚಿಗೆ ಹೋಗುವ ಮುನ್ನ ಅದನ್ನು ಹರಿಪ್ರಿಯಾ ಅವರಿಗೆ ತೋರಿಸಿದೆವು. ಅವರು ಕನ್ನಡಕ ಏರಿಸಿ ಓದಿ, ತಲೆಬರಹಕ್ಕೇ ಗೆರೆ ಎಳೆದರು.

“ಇದು ಯಾಕ ಬರದ್ರಿ?”

“ಕೊಂದಿದ್ದಾರಲ್ಲ ಮೇಡಂ?”

“ಎಲ್ಲಿ ಕೊಂದಾರ? ಕೆಳಗ ಇನ್ನೂ ಉಸಿರು ಅದ. ಸತ್ತದ ಅಂತ ನೀವ ಬರದು ಕೊಟ್ರ ಮುಚ್ಚೋರಿಗೆ ಬ್ಯಾರೆ ಸರ್ಟಿಫಿಕೇಟ್ ಯಾಕ ಬೇಕು?”

ನಮ್ಮ ಸಿಟ್ಟನ್ನು ಅವರು ತಣ್ಣಗಾಗಿಸಲಿಲ್ಲ. ಅದು ಯಾರ ಕೈಗೆ ಅಸ್ತ್ರವಾಗುತ್ತಿತ್ತೆಂಬುದನ್ನು ತೋರಿಸಿದರು. ಕರಪತ್ರ ಹೊಸ ತಲೆಬರಹದೊಂದಿಗೆ ಹೊರಬಂತು. ಕುಂಡ ಬದುಕಿದೆಯೋ ಇಲ್ಲವೋ ಎಂಬುದನ್ನು ಮಳೆಗಾಲದ ಕೊನೆಗೆ ಒಂದು ಸಮಿತಿ ಬಂದು ನೋಡಿ ನಿರ್ಧರಿಸುವುದೆಂದು ಆಡಳಿತ ಒಪ್ಪಿಕೊಂಡಿತು. ಸಮಿತಿ ‘ಸತ್ತಿದೆ’ ಎಂದರೆ ಮಣ್ಣಿನ ಲಾರಿಗಳು ಬರುತ್ತವೆ, ದುಲಾರಿಯ ಮನೆ ಬೀದಿಗೆ ಬೀಳುತ್ತದೆ. ಇಷ್ಟು ಸ್ಪಷ್ಟವಾಗಿತ್ತು ವಿಷಯ.

ಕಳೆನಾಶಕ ಸಿಂಪಡಿಸಿ ಎಂದು ಸಲಹೆ ಕೊಟ್ಟವರಿಗೆ ಹರಿಪ್ರಿಯಾ ಅವರು ತಾಳ್ಮೆಯಿಂದ ಹೇಳಿದರು: ಕಳೆ ಸಾಯುತ್ತದೆ ನಿಜ, ಸತ್ತ ಕಳೆ ತಳಕ್ಕಿಳಿದು ಕೊಳೆಯುತ್ತದೆ, ಕೊಳೆಯುವಾಗ ನೀರಿನಲ್ಲಿರುವ ಉಸಿರನ್ನೆಲ್ಲ ಅದೇ ಕುಡಿಯುತ್ತದೆ. ಆದ್ದರಿಂದ ಕೈಯಿಂದ ಕೀಳಬೇಕು. ಕಿತ್ತದ್ದನ್ನು ದಂಡೆಯಲ್ಲಿ ಗುಡ್ಡೆ ಹಾಕದೆ ಆಚೆ ಸಾಗಿಸಬೇಕು, ಇಲ್ಲದಿದ್ದರೆ ಅದರ ರಸ ಇಳಿದು ಮತ್ತೆ ನೀರಿಗೇ ಗೊಬ್ಬರವಾಗುತ್ತದೆ. ತೊಂಬತ್ತೊಂದರ ಬೇಸಿಗೆಯಲ್ಲಿ ಇಡೀ ಓಣಿ ಕೀಳಲು ಇಳಿಯಿತು. ವಿದ್ಯಾರ್ಥಿಗಳು, ಮಲ್ಲಾಹರು, ಮಠದ ಮರಿಸ್ವಾಮಿಗಳು, ನಮ್ಮ ಬಳಗದವರು. ಮೊದಲ ವಾರ ನಾವು ಎಲ್ಲ ಕಡೆಯಿಂದ ಎಳೆದು ಸುಸ್ತಾದೆವು. ಬಿಡಿಸಿದ ಜಾಗವನ್ನು ಸಂಜೆಯೊಳಗೆ ಕಳೆ ತೇಲಿಬಂದು ಮತ್ತೆ ತುಂಬುತ್ತಿತ್ತು. ಆಗ ಅವರು ಬಿದಿರುಗಳನ್ನು ಹಗ್ಗದಿಂದ ಬಿಗಿದು ನೀರಿನ ಮೇಲೆ ತೇಲುವ ಉದ್ದನೆಯ ತಡೆಯೊಂದನ್ನು ಮಾಡಿಸಿ, ಎಲ್ಲರೂ ದಡಕ್ಕೆ ಬನ್ನಿ, ಪೂರ್ವದ ಗಾಳಿ ಬರುವವರೆಗೆ ಯಾರೂ ಮುಟ್ಟಬೇಡಿ ಎಂದುಬಿಟ್ಟರು.

ಎರಡು ದಿನ ಗಾಳಿ ಬರಲಿಲ್ಲ. ದುಲಾರಿ ಮೆಟ್ಟಿಲ ಮೇಲೆ ಕೂತು ಕಾಲು ಆಡಿಸುತ್ತ ಛೇಡಿಸಿದಳು: “ದೀದಿ, ಹವಾ ಕೇ ನೇವತಾ ಭೇಜ್‌ಲೂ ಕಿ ನಾಹೀಂ?” ಗಾಳಿಗೆ ಆಮಂತ್ರಣ ಕಳಿಸಿದಿರೋ ಇಲ್ಲವೋ ಎಂದು ಅವಳ ಪ್ರಶ್ನೆ. ಹರಿಪ್ರಿಯಾ ಅವರು ಅವಳ ಭಾಷೆಯಲ್ಲೇ, ಕಳಿಸಿದ್ದೇನೆ, ನಿನ್ನ ಗಂಡನ ಹಾಗೆ ಅದೂ ನಿಧಾನ ಎಂದರು. ಮೆಟ್ಟಿಲ ಹೆಂಗಸರೆಲ್ಲ ನಕ್ಕರು. ಮಾರನೆಯ ಬೆಳಗ್ಗೆ ಪುರವೈಯಾ, ಆ ಪೂರ್ವದ ಗಾಳಿ, ಬೀಸಿತು. ಹಸಿರು ಚಾಪೆಯಿಡೀ ತಾನಾಗಿ ಸರಿದು ಪಶ್ಚಿಮದ ಮೆಟ್ಟಿಲಿಗೆ ಬಂದು ಒತ್ತಿಕೊಂಡಿತು. ಅದರ ಬೆನ್ನಿಗೆ ಬಿದಿರಿನ ತಡೆ ಬಿತ್ತು. ಆಮೇಲೆ ನಾವು ಕೀಳುವುದೂ ಗಾಳಿ ಅದನ್ನು ಕೈಗೆ ತಂದುಕೊಡುವುದೂ ಒಟ್ಟಿಗೆ ನಡೆದವು. ಮಳೆ ಶುರುವಾಗುವ ಹೊತ್ತಿಗೆ ಚಂಪಾಕುಂಡ ಬರಿಮೈಯಾಗಿತ್ತು. ದುಲಾರಿ ಸಿಂಘಾಡಾ ಬಳ್ಳಿ ನೆಟ್ಟಳು.

ಶ್ರಾವಣದಲ್ಲಿ ಕುಂಡ ತುಂಬಿತು. ಆಗ ನಡೆದದ್ದನ್ನು ಅಭಿನಂದನ ಗ್ರಂಥದಲ್ಲಿ ಬರೆಯಬಹುದೇ ಎಂದು ಸಂಪಾದಕರು ಸಂಕೋಚಪಟ್ಟರು. ಬರೆಯಲೇಬೇಕೆಂದು ಹರಿಪ್ರಿಯಾ ಅವರೇ ಹೇಳಿದ್ದಾರೆ.

ಕೆರೆ ತುಂಬಿದರೆ ಬಾಗಿನ ಕೊಡುವುದು ಕನ್ನಡನಾಡಿನ ಪದ್ಧತಿ. ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಅರಿಶಿನ, ಕುಂಕುಮ, ಬಳೆ ಇಟ್ಟು, ಮೇಲೊಂದು ಮೊರ ಮುಚ್ಚಿ, ನೀರಿಗೆ ಬಿಡುವುದು. ಕಾಶಿಯವರಿಗೆ ಇದು ಗೊತ್ತಿಲ್ಲ. ಅವರಿಗೆ ಗಂಗೆ ಯಾವಾಗಲೂ ತುಂಬಿದವಳೇ. ಮನೆಯ ಹಿಂದಿನ ನೀರು ಮೆಟ್ಟಿಲು ಮುಟ್ಟಿದ್ದನ್ನು ಕಿಟಕಿಯಿಂದ ನೋಡಿದ ಗೋದಾಬಾಯಿಯವರಿಗೆ ಹುಟ್ಟಿದೂರಿನ ಕೆರೆ ನೆನಪಾಯಿತು.

“ನಾ ಕಾಶಿಗೆ ಬಂದ ಮ್ಯಾಲೆ ಒಂದು ತುಂಬಿದ ಕೆರಿ ನೋಡಿಲ್ಲವಾ. ಈಗ ಮನಿ ಹಿಂದನ ತುಂಬೇದ. ಬಾಗಿನಾ ಕೊಡಲಿಲ್ಲಂದ್ರ ಹೆಂಗ?”

“ಅತ್ಯಾ, ಅದು ಹರಿಯೋ ನೀರಲ್ಲ. ಹಾಕಿದ್ದೆಲ್ಲಾ ಅಲ್ಲೇ ಕೊಳಿತದ.”

“ಇಷ್ಟು ವರ್ಷ ಊರ ಗಟಾರ ಬಿದ್ರ ತಡಕೊಂಡ ನೀರು, ನನ್ನ ಒಂದು ಅಚ್ಚು ಬೆಲ್ಲಕ್ಕ ಕೊಳಿತದ? ಭಾಳ ನಾಜೂಕು ಆತಲ್ಲವಾ ನಿನ್ನ ಕುಂಡ.”

ಹರಿಪ್ರಿಯಾ ಅವರು ಸೋತರು. ಒಂದೇ ಮೊರ ಎಂದು ಒಪ್ಪಿಕೊಂಡರು. ಆದರೆ ಮೊದಲ ಬಾಗಿನವನ್ನು ಅವರೇ ಬಿಡಬೇಕೆಂದು ಓಣಿ ಹಟ ಹಿಡಿಯಿತು. ಮಠದ ವ್ಯವಸ್ಥಾಪಕ ಸೋಮಲಿಂಗಯ್ಯನವರು ಶಾಲು ಹೊದಿಸಿದರು. ತಾವೇ ಬಿಟ್ಟ ಮೇಲೆ ಬೇರೆಯವರನ್ನು ತಡೆಯುವ ಬಾಯಿ ಹರಿಪ್ರಿಯಾ ಅವರಿಗೆ ಉಳಿಯಲಿಲ್ಲ. ಪ್ರತಿ ಮನೆಯಿಂದ ಮೊರ ಬಂತು. ಧಾರವಾಡದ ಕಡೆಯಿಂದ ಬಂದಿದ್ದ ಯಾತ್ರಿಕರ ತಂಡ, ಕೆರೆ ತುಂಬದೆ ಊರಲ್ಲಿ ಕೊಡಲಾಗದ್ದನ್ನು ಕಾಶಿಯಲ್ಲೇ ಕೊಟ್ಟೇವೆಂದು ವಿಶ್ವನಾಥ ಗಲ್ಲಿಯ ಅಂಗಡಿಗಳಿಂದ ಸಾಮಾನು ಹೊತ್ತು ತಂದಿತು. ಕೊನೆಗೆ ಕೊಡಗಟ್ಟಲೆ ಹಾಲು. ಸಂತೋಷದಿಂದ ಒಂದು ಸಣ್ಣ ಕುಂಡಕ್ಕೆ ಅಷ್ಟು ಅನ್ನ ಹಾಕಿದವರು ನಮ್ಮ ಜನವಲ್ಲದೆ ಬೇರೆ ಯಾರೂ ಇರಲಾರರು.

ಕೆಲವು ವಾರ ಬಿಸಿಲು, ಆಮೇಲೆ ಮೋಡ. ನೀರು ಮೊದಲು ತಿಳಿಹಸಿರಾಯಿತು, ಮತ್ತೆ ಬಣ್ಣ ಕಲಸಿದಂತೆ ಗಟ್ಟಿ ಹಸಿರಾಯಿತು. ಕಳೆ ಮುಚ್ಚಿದ್ದಾಗ ತಳಕ್ಕೆ ಬೀಳದಿದ್ದ ಬೆಳಕು ಈಗ ಬೀಳುತ್ತಿತ್ತು. ಪಾಚಿಗೆ ಬೆಳಕೂ ಸಿಕ್ಕಿತು, ಊಟವೂ ಸಿಕ್ಕಿತು. ಸಮಿತಿ ಬರುವ ಹಿಂದಿನ ದಿನ ಬೆಳಗ್ಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಕೆಟ್ಟ ನಾತಕ್ಕೆ ಓಣಿ ಕಿಟಕಿ ಮುಚ್ಚಿತು.

ಆಮೇಲೆ ಓಣಿ ಮಾಡಿದ್ದು, ಈ ದೇಶದ ಮೇಲಿನ ಓಣಿಗಳು ಕೈ ಕೊಳೆಯಾದಾಗಲೆಲ್ಲ ಮಾಡುವ ಕೆಲಸ. ಕೆಳಗಿನ ಓಣಿಯ ಕಡೆ ಬೆರಳು ತೋರಿಸಿತು. ಮೀನು ಹಿಡಿಯಲು ಮಲ್ಲಾಹರು ಔಷಧ ಹಾಕಿದ್ದಾರೆ ಎಂಬ ಮಾತು ಬೆಳಗಿನ ಪೂಜೆ ಮುಗಿಯುವಷ್ಟರಲ್ಲಿ ಎಲ್ಲರಿಗೂ ಕಣ್ಣಾರೆ ಕಂಡ ಸತ್ಯವಾಗಿತ್ತು. ಮಾರನೆಯ ದಿನ ಸಮಿತಿಯ ಇಂಜಿನಿಯರ್ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ನಿಂತಾಗ, ಅದನ್ನು ಅವರಿಗೆ ಹೇಳಿದವರು ಹರಿಪ್ರಿಯಾ ಅವರ ಸ್ವಂತ ತಮ್ಮ, ತಂದೆಯ ಪೌರೋಹಿತ್ಯ ಮುಂದುವರಿಸಿದ್ದ ನರಸಿಂಹಾಚಾರ್ಯರು. ಈ ಜನರಿಗೆ ಕೊಟ್ಟ ಕುಂಡದ ಗುತ್ತಿಗೆ ರದ್ದು ಮಾಡಿ, ಕುಂಡ ಮುಚ್ಚಿದರೂ ಅಡ್ಡಿಯಿಲ್ಲ ಎಂದರು. ಎದುರು ದಂಡೆಯಲ್ಲಿ ಮಲ್ಲಾಹರು ಗುಂಪಾಗಿ ನಿಂತಿದ್ದರು. ದುಲಾರಿ ಸಿಂಘಾಡಾದ ಒಂದು ಬಳ್ಳಿಯನ್ನು ಎತ್ತಿ ಹಿಡಿದು ಏನೋ ಕೂಗುತ್ತಿದ್ದಳು, ಯಾರಿಗೂ ಕೇಳಿಸುತ್ತಿರಲಿಲ್ಲ. ಪೊಲೀಸನೊಬ್ಬ ಅವಳ ಗಂಡನ ತೋಳು ಹಿಡಿದಾಗಿತ್ತು. ನಮ್ಮ ಬಳಗದವರು ಘೋಷಣೆಗೆ ಬಾಯಿ ತೆರೆಯುವಷ್ಟರಲ್ಲಿ ಹರಿಪ್ರಿಯಾ ಅವರು ಮುಂದೆ ಬಂದರು.

ಅವರು ಹಿಂದಿಯಲ್ಲಿ, ತರಗತಿಯಲ್ಲಿ ಹೇಳುವಷ್ಟೇ ಸಮಾಧಾನದಿಂದ ಹೇಳಿದ್ದು ಇಷ್ಟು: ಮೀನು ಸತ್ತದ್ದು ವಿಷದಿಂದಲ್ಲ, ಉಸಿರು ಸಿಗದೆ. ಆ ಹಿಡಿದಿರುವವನನ್ನು ಬಿಡಿ, ಅವನೇ ತೋರಿಸುತ್ತಾನೆ. ದುಲಾರಿಯ ಗಂಡ ಬಲೆ ಬೀಸಿದ. ಬಲೆಯಲ್ಲಿ ಕಪ್ಪಗೆ ಮೀಸೆಯ ಮಾಂಗೂರ್ ಮೀನುಗಳು ಜೀವಂತವಾಗಿ ಹೊರಳಾಡುತ್ತಿದ್ದವು. ಇದು ಮೇಲೆ ಬಂದು ಗಾಳಿ ನುಂಗಬಲ್ಲ ಮೀನು, ಆದ್ದರಿಂದ ಉಳಿದಿದೆ; ಔಷಧ ಹಾಕಿದ್ದರೆ ಇದೂ ಸಾಯುತ್ತಿತ್ತು ಎಂದು ಅವರು ವಿವರಿಸಿದರು. ಹಾಗಾದರೆ ಉಸಿರು ಕಸಿದವರು ಯಾರು ಎಂದು ಇಂಜಿನಿಯರ್ ಕೇಳಿದರು.

“ನಾವು. ಬೆಲ್ಲ, ಬೇಳೆ, ಅಕ್ಕಿ, ಹಾಲು ಹಾಕಿದ್ದೇವೆ. ಮೊದಲನೆಯದನ್ನು ಹಾಕಿದವಳು ನಾನು. ಓದಿದವಳು, ಏನಾಗುತ್ತದೆಂದು ಗೊತ್ತಿದ್ದವಳು.”

ನರಸಿಂಹಾಚಾರ್ಯರು ತಗ್ಗಿದ ದನಿಯಲ್ಲಿ ಕನ್ನಡದಲ್ಲಿ ಹೇಳಿದರು: “ಅಕ್ಕಾ, ಮನೀ ಮಾತು ಮನ್ಯಾಗ ಇರಲಿ. ಇವರ ಮುಂದ ಯಾಕ?”

“ಪೊಲೀಸರು ಹಿಡದದ್ದು ಮನಿಯವರನ್ನಲ್ಲೋ ನರಸಿಂಹ.”

ತಮ್ಮನಿಗೆ ಇಷ್ಟು ಹೇಳಿ ಅವರು ಮತ್ತೆ ಇಂಜಿನಿಯರರ ಕಡೆ ತಿರುಗಿ, ಹದಿನೈದು ದಿನ ಕೊಡಿ ಎಂದರು. ಮೈಲುತುತ್ತ ಸುರಿದರೆ ಒಂದೇ ದಿನದಲ್ಲಿ ಪಾಚಿ ಹೋಗುತ್ತದಲ್ಲ ಎಂದು ಸಾಹೇಬರು ತಮ್ಮ ಜಾಣತನ ತೋರಿಸಿದರು. ಪಾಚಿ ಒಟ್ಟಿಗೆ ಸತ್ತು ಕೊಳೆತರೆ ಉಳಿದ ಮೀನೂ ಹೋಗುತ್ತದೆ, ಆ ನೀರಿನ ಸಿಂಘಾಡಾವನ್ನು ನಿಮ್ಮ ಮಕ್ಕಳಿಗೆ ತಿನ್ನಿಸುತ್ತೀರಾ ಎಂದು ಅವರು ಕೇಳಿದರು. ಸಾಹೇಬರು ಸಮಯ ಕೊಟ್ಟರು.

ಮಲ್ಲಾಹರು ಮುಳುಗಿ ಮುಳುಗಿ ತಳದಿಂದ ಕೊಳೆತ ಮೊರಗಳನ್ನು ಎತ್ತಿದರು. ಒಂದು ದಿನದ ಹಿಂದೆ ತಮ್ಮನ್ನು ವಿಷ ಹಾಕಿದವರೆಂದ ಜನರ ಅಕ್ಕಿ ಬೇಳೆಯನ್ನು, ಬಳೆಯನ್ನು ಅವರು ಎತ್ತಿ ದಡಕ್ಕಿಟ್ಟದ್ದನ್ನು ನಾನು ಮರೆಯಲಾರೆ. ಮಠದ ತೋಟದ ಡೀಸೆಲ್ ಪಂಪನ್ನು ಸೋಮಲಿಂಗಯ್ಯನವರು ತಂದು ಕೂರಿಸಿದರು. ಹರಿಪ್ರಿಯಾ ಅವರು ತಳದ ನೀರನ್ನು ಎತ್ತಿ ಮೆಟ್ಟಿಲ ತುದಿಯಿಂದ ಇಳಿಯಬಿಟ್ಟರು. ಮೆಟ್ಟಿಲಿಂದ ಮೆಟ್ಟಿಲಿಗೆ ಬಿದ್ದು ನೊರೆಯಾಗುತ್ತ ಅದು ಗಾಳಿ ಕುಡಿದು ಕುಂಡಕ್ಕೆ ಮರಳುತ್ತಿತ್ತು. ಪೂಜೆಯ ಹೊತ್ತಿಗೂ ಪಂಪು ಗಡಗಡಿಸಿತು. ಹಸಿರು ನಿಧಾನವಾಗಿ ಇಳಿಯಿತು, ಸಿಂಘಾಡಾದ ಎಲೆಗಳು ಅಗಲವಾಗಿ ಹರಡಿ ಉಳಿದ ಪಾಚಿಗೆ ನೆರಳು ಮಾಡಿದವು. ಎರಡನೆಯ ಸಲ ಬಂದ ಸಮಿತಿ ಕುಂಡ ಬದುಕಿದೆ ಎಂದು ಬರೆಯಿತು. ಗೃಹನಿರ್ಮಾಣ ಸಂಘದ ಅರ್ಜಿ ವಜಾ ಆಯಿತು. ಆ ಚಳಿಗಾಲ ದುಲಾರಿಯ ತಳ್ಳುಗಾಡಿ ಅಸ್ಸಿಯಲ್ಲಿ ನಿಂತಿತು.

ಹರಿಪ್ರಿಯಾ ಅವರಿಗೆ ಸಿಕ್ಕಿದ್ದೇನು? ವಿಭಾಗದ ಸಹೋದ್ಯೋಗಿಗಳು ಅವರಿಗೆ ‘ಬಾಗಿನ ಮೇಡಂ’ ಎಂದು ಹೆಸರಿಟ್ಟರು. ತಮ್ಮ ನರಸಿಂಹಾಚಾರ್ಯರು ಒಂದು ವರ್ಷ ಮಾತು ಬಿಟ್ಟರು. ಯಾತ್ರಿಕರ ಎದುರು ಮಾನ ಹೋಯಿತೆಂದು ಅವರ ದೂರು. ಇಷ್ಟಾದರೂ ಆ ಪ್ರಸಂಗದ ಮೇಲೆ ಬರೆದ ವಿಜ್ಞಾನ ಪ್ರಬಂಧದಲ್ಲಿ, ನೀರು ಕೆಡಲು ಕಾರಣರಾದವರ ಸಾಲಿನಲ್ಲಿ ‘ಲೇಖಕಿಯೂ ಸೇರಿದಂತೆ’ ಎಂಬ ಮಾತನ್ನು ಅವರು ಹಾಕಿದರು. ವಿಜ್ಞಾನದ ಪತ್ರಿಕೆಗಳಲ್ಲಿ ಇಂಥ ಸಾಲನ್ನು ನಾನು ಬೇರೆಲ್ಲೂ ಓದಿಲ್ಲ, ರಾಜಕೀಯದಲ್ಲಂತೂ ಕೇಳಿಲ್ಲ.

ಅವರೊಂದಿಗೆ ನನ್ನ ಜಗಳ ಮುಗಿದಿಲ್ಲ. ಬೇರೆ ಕುಂಡಗಳಿಗಾಗಿ ನಾವು ಧರಣಿ ಕೂತಾಗ ಅವರು ಬರಲಿಲ್ಲ. “ನಾ ಬಂದು ಕೂತ್ರ ನಿಮ್ಮ ಗುಂಪಿಗೆ ಒಂದು ತಲಿ ಹೆಚ್ಚಾಗ್ತದ ಅಷ್ಟ. ಅಷ್ಟೊತ್ತಿಗೆ ಇನ್ನೊಂದು ನೀರು ನೋಡಿ ಬರ್ತೀನಿ” ಎಂದರು. ಒಂದು ತಲೆ ಹೆಚ್ಚಾಗುವುದೇ ಕೆಲವೊಮ್ಮೆ ದೊಡ್ಡದೆಂದು ನಾನು ಈಗಲೂ ನಂಬಿದ್ದೇನೆ. ಅವರು ನಂಬುವುದಿಲ್ಲ.

ಆ ಪ್ರಸಂಗದ ಮರುವರ್ಷ ಶ್ರಾವಣದಲ್ಲಿ ಕುಂಡ ತುಂಬಿದಾಗ ಓಣಿಯ ಹೆಂಗಸರು ಏನು ಮಾಡುವುದೆಂದು ತಿಳಿಯದೆ ಕೂತಿದ್ದರು. ಬಾಗಿನ ಮೂಲದಲ್ಲಿ ಮುತ್ತೈದೆ ಮುತ್ತೈದೆಗೆ ಕೊಡುವಂಥದ್ದು. ನೀರಿಗೇ ಹಾಕಬೇಕೆಂದೇನೂ ಇಲ್ಲ ಎಂದು ಹರಿಪ್ರಿಯಾ ಅವರು ಅತ್ತೆಗೆ ನೆನಪಿಸಿದರು. ಗೋದಾಬಾಯಿಯವರು ಎದ್ದು ಅಡುಗೆಮನೆಗೆ ಹೋದರು. ಆಮೇಲೆ ಒಂದು ಮೊರ ತುಂಬಿಸಿ, ಜೀವಮಾನದಲ್ಲಿ ಮೊದಲ ಸಲ ಎದುರಿನ ದಂಡೆಗೆ ಹೋಗಿ, ದುಲಾರಿಯ ಕೈಗೆ ಕೊಟ್ಟರು. ಎಲ್ಲ ಮನೆಗಳ ಹೆಂಗಸರೂ ಹೋಗಲಿಲ್ಲ ಎಂಬುದನ್ನೂ ಬರೆದಿಡುತ್ತೇನೆ. ನರಸಿಂಹಾಚಾರ್ಯರು ಹೋಗದಿದ್ದರೂ ಹೆಂಡತಿಯನ್ನು ತಡೆಯಲಿಲ್ಲ ಎಂಬುದನ್ನೂ. ದುಲಾರಿ ಮೊರ ಬಿಚ್ಚಿ ಬಳೆ ಹಿಡಿದು, “ಈ ಚೂಡೀ ತ ಹಮರೇ ಹಾಥ ಮೇಂ ನಾ ಜಾಈ” ಎಂದಳು; ನನ್ನ ಕೈಗೆ ಹಿಡಿಸುವುದಿಲ್ಲ ಎಂದು.

“ಏನಂತಾಳಾಕಿ?” ಎಂದರು ಗೋದಾಬಾಯಿ.

“ಬಳಿ ಸಣ್ಣು ಅಂತ” ಎಂದು ಜೊತೆಗೆ ಹೋಗಿದ್ದ ಹರಿಪ್ರಿಯಾ ಅವರು ಹೇಳಿದರು.

“ಸಾವಕಾಶ ಸಾಬೂನು ಹಚ್ಚಿ ಏರಿಸ್ಕೋ ಅನ್ನು. ಕೊಟ್ಟ ಬಳಿಗೂ ತಕರಾರು.”

ಈಗ ಕುಂಡ ತಿಳಿಯಾಗಿದೆ, ಆದರೆ ಕ್ಷೇಮವಾಗಿಲ್ಲ. ಜಲಕುಂಭಿಯ ಬೀಜ ಕೆಸರಿನಲ್ಲಿ ವರ್ಷಾನುಗಟ್ಟಲೆ ಕಾಯಬಲ್ಲದು. ಪ್ರತಿ ಬೇಸಿಗೆಗೆ ಮೊಳಕೆಗಳನ್ನು ಹುಡುಕಿ ಕೀಳದಿದ್ದರೆ ಎಲ್ಲ ಮೊದಲಿನಂತಾಗುತ್ತದೆ. ಬೇರೆ ಹೆಸರಿನ ಸಂಘವೊಂದು ಅದೇ ಅರ್ಜಿಯನ್ನು ಬೆರಳಚ್ಚು ಮಾಡಿಸುತ್ತಿದೆ ಎಂದು ಕೇಳಿದ್ದೇನೆ. ವಿಶ್ವವಿದ್ಯಾಲಯ ಅವರ ಕೊಠಡಿಯ ಬೀಗದಕೈ ವಾಪಸು ಪಡೆಯುತ್ತದೆ, ಸೂಕ್ಷ್ಮದರ್ಶಕವನ್ನೂ. ಆ ನೀರನ್ನು ತಿಂಗಳು ತಿಂಗಳು ಯಾರು ನೋಡುತ್ತಾರೆ ಎಂಬ ಪ್ರಶ್ನೆಗೆ ಅದರ ಬಳಿ ಉತ್ತರವಿಲ್ಲ. ಹೀಗಿರುವಾಗ ಹರಿಪ್ರಿಯಾ ಅವರಿಗೆ ಆಯುಸ್ಸನ್ನೂ ಆರೋಗ್ಯವನ್ನೂ ಹಾರೈಸುವುದರಲ್ಲಿ ನಮ್ಮೆಲ್ಲರ ಸ್ವಾರ್ಥವಿದೆ. ಅದನ್ನು ಮುಚ್ಚಿಡದೆ ಹಾರೈಸುತ್ತೇನೆ.

ಈ ಲೇಖನ ಮುಗಿಸುವ ಮುನ್ನ ದುಲಾರಿಯ ಗುಡಿಸಲಿಗೆ ಹೋಗಿ, ದೀದಿಗೆ ರಿಟೈರಾಯಿತು, ನೂರು ವರ್ಷ ಬಾಳಲಿ ಎಂದು ನಿನ್ನ ಹೆಸರಲ್ಲೂ ಬರೆಯಲೇ ಎಂದು ಕೇಳಿದೆ. ಅವಳು ಸಿಂಘಾಡಾದ ಮುಳ್ಳು ಕತ್ತರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಲಿಖ್ ದ, ಅಬ ತ ನೌಕರೀ ಛೂಟ್ ಗಇಲ್, ಅಬ ರೋಜ್ ಆವೇಂ.”

ಬರೆದುಬಿಡು, ಈಗಂತೂ ನೌಕರಿ ಮುಗಿಯಿತು, ಇನ್ನು ದಿನಾ ಬರಲಿ.